ಬೆಟ್ಟದಲ್ಲಿ ಮಳೆ ಬಂದರೆ: ಕಲ್ಪಿತ ಲೋಕಕ್ಕೆ ನಂಬಲರ್ಹ ವಾಯುಗುಣ ಕಟ್ಟುವ ಬಗೆ

ಪಡುಬಿದ್ರಿ: ಇಲ್ಲಿನ ಕಡಲತೀರದಿಂದ ಈಶಾನ್ಯ ದಿಕ್ಕಿಗೆ ನೇರವಾದ ಒಂದು ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್ ದೂರದಲ್ಲಿ ಚಳ್ಳಕೆರೆ ಸಿಗುತ್ತದೆ. ಪಡುಬಿದ್ರಿಯ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್. ಕಾರ್ಕಳ, ಹೆಬ್ರಿ ದಾಟಿ ಘಟ್ಟದ ನೆತ್ತಿಯಲ್ಲಿರುವ ಆಗುಂಬೆಗೆ ಬಂದರೆ ಅದು 7,500ರ ಆಸುಪಾಸಿಗೆ ಏರುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿಯುತ್ತ ಹೋದಂತೆ ಮಳೆಯೂ ಇಳಿಯುತ್ತದೆ. ಶಿವಮೊಗ್ಗ ನಗರದ ಹೊತ್ತಿಗೆ ಸಾವಿರಕ್ಕಿಂತ ಕೆಳಗೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಒಂದು ಹಗಲಿನ ಬಸ್ ಪ್ರಯಾಣದಲ್ಲಿ ಮಳೆಯ ಪ್ರಮಾಣ ಹದಿನೈದು ಪಾಲು ಕುಗ್ಗುತ್ತದೆ.

ಕಾದಂಬರಿ, ಧಾರಾವಾಹಿ, ಗಣಕದ ಆಟ ಇತ್ಯಾದಿಗಳಿಗಾಗಿ ಇಲ್ಲದ ಊರುಗಳನ್ನೂ ಇಲ್ಲದ ದೇಶಗಳನ್ನೂ ಹಲವರು ಸೇರಿ ಕಟ್ಟುವುದು ಇಂದು ಸಾಮಾನ್ಯ. ಅಂತಹವರು ನಕ್ಷೆಯ ಮೇಲೆ ಒಂದು ಮೂಲೆಗೆ ಮರುಭೂಮಿ, ಇನ್ನೊಂದಕ್ಕೆ ಮಳೆಕಾಡು, ಮತ್ತೊಂದಕ್ಕೆ ಹಿಮ ಹಂಚುವ ಮೊದಲು ಈ 240 ಕಿಲೋಮೀಟರ್ ಗೆರೆಯನ್ನೊಮ್ಮೆ ಗಮನಿಸುವುದು ಒಳಿತು. ವಾಯುಗುಣ ಎಂಬುದು ಕಥೆಗೆ ಹಚ್ಚುವ ಬಣ್ಣವಲ್ಲ. ಅದು ಕಾರಣಗಳ ಸರಪಳಿ. ಒಂದು ಕೊಂಡಿ ಜಾರಿದರೆ ಕಥೆಯೇ ಜಾರುತ್ತದೆ. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಾಲ್ಗುಡಿಯೇ ಇದೆ.

ಒಂದೇ ಊರು, ಮೂರು ಮಳೆ

ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾದಾಗ ಮಾಲ್ಗುಡಿ ಮೊದಲ ಬಾರಿಗೆ ಓದುಗರಿಗೆ ಪರಿಚಯವಾಯಿತು. ಸರಯೂ ನದಿ, ಮೆಂಪಿ ಬೆಟ್ಟ, ರೈಲು ನಿಲ್ದಾಣ, ಶಾಲೆ ಇವೆಲ್ಲ ಒಂದೊಂದೇ ಪುಸ್ತಕದೊಂದಿಗೆ ಸೇರುತ್ತ ಹೋದವು. ನಾರಾಯಣ್ ಬಾಳಿದ್ದು ಮೈಸೂರಿನಲ್ಲಿ. ಅಲ್ಲಿ ವರ್ಷದ ಮಳೆ 800 ಮಿಲಿಮೀಟರ್ ಆಸುಪಾಸು. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಮಳೆ ಜೋರಾಗುತ್ತದೆ. ಬಂದರೆ ಬೆಳೆ, ತಪ್ಪಿದರೆ ಬರ ಎಂಬ ಸೀಮೆ ಅದು.

ಒಬ್ಬ ಲೇಖಕ ಸೃಷ್ಟಿಸಿದ ಈ ಊರು ಕ್ರಮೇಣ ಹಲವು ಕೈಗಳ ಸೊತ್ತಾಯಿತು. ತಮ್ಮ ಆರ್.ಕೆ. ಲಕ್ಷ್ಮಣ್ ಅದಕ್ಕೆ ರೇಖೆಗಳನ್ನು ಕೊಟ್ಟರು. 1958ರಲ್ಲಿ ಬಂದ 'ದಿ ಗೈಡ್' ಕಾದಂಬರಿಯನ್ನು ವಿಜಯ್ ಆನಂದ್ 1965ರಲ್ಲಿ ಹಿಂದಿ ಚಲನಚಿತ್ರವಾಗಿಸಿದರು. 1980ರ ದಶಕದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ದೂರದರ್ಶನಕ್ಕಾಗಿ ನಿರ್ದೇಶಿಸಿದರು. ಹಿಂದಿ ಚಿತ್ರದ ತಂಡಕ್ಕೆ ನಾರಾಯಣ್ ತಮ್ಮ ಮನಸ್ಸಿನಲ್ಲಿದ್ದ ಮೈಸೂರು ಸೀಮೆಯ ಜಾಗಗಳನ್ನು ತೋರಿಸಿದ್ದರೂ ಚಿತ್ರೀಕರಣ ನಡೆದದ್ದು ರಾಜಸ್ಥಾನದಲ್ಲಿ. ಈ ಅಸಮಾಧಾನವನ್ನು ಅವರು ಪ್ರಬಂಧವಾಗಿಯೂ ಬರೆದರು. ಶಂಕರ್‌ನಾಗ್ ಆಯ್ದುಕೊಂಡದ್ದು ಆಗುಂಬೆಯನ್ನು. ರೈಲು ನಿಲ್ದಾಣದ ದೃಶ್ಯಗಳಿಗೆ ಬಳಕೆಯಾದ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ಹೀಗೆ ಒಂದೇ ಮಾಲ್ಗುಡಿ ಮೂರು ವಾಯುಗುಣಗಳಲ್ಲಿ ಬಾಳಿದೆ: ಪುಸ್ತಕದಲ್ಲಿ ಮೈಸೂರು ಸೀಮೆಯ ಎಣಿಸಿ ಬರುವ ಮಳೆ, ತೆರೆಯ ಮೇಲೆ ರಾಜಸ್ಥಾನದ ಒಣ ಬಿಸಿಲು, ಕಿರುತೆರೆಯಲ್ಲಿ ನಾಡಿನಲ್ಲೇ ಅತ್ಯಂತ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು.

ಹಾಗಾದರೆ ಆಗುಂಬೆಯ ಮಾಲ್ಗುಡಿಯನ್ನು ವೀಕ್ಷಕರು ಮನಸಾರೆ ಒಪ್ಪಿದ್ದು ಹೇಗೆ? ಉತ್ತರ ಸರಳ. ಸ್ವಾಮಿಯ ಶಾಲೆ, ಅಜ್ಜಿ, ಗೆಳೆತನ, ಕ್ರಿಕೆಟ್ ಇವಾವುವೂ ಮಳೆಯ ಲೆಕ್ಕವನ್ನು ಅವಲಂಬಿಸಿಲ್ಲ. ವಾಯುಗುಣ ಕಥೆಯ ಭಾರ ಹೊರದಿರುವಲ್ಲಿ ಅದರ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 'ದಿ ಗೈಡ್' ವಿಷಯ ಹಾಗಲ್ಲ. ಅಲ್ಲಿ ಮಳೆ ಕೈಕೊಟ್ಟು ಹಳ್ಳಿ ಒಣಗುತ್ತದೆ; ಸಾಧುವೆಂದು ಜನ ನಂಬಿದ ರಾಜು ಮಳೆಗಾಗಿ ಉಪವಾಸ ಕೂರಬೇಕಾಗುತ್ತದೆ. 7,500 ಮಿಲಿಮೀಟರ್ ಮಳೆಯ ಆಗುಂಬೆಯಲ್ಲಿ ಈ ಕಥೆ ಹುಟ್ಟುವಂತೆಯೇ ಇಲ್ಲ. ಅಲ್ಲಿ ಮಳೆ ಅರ್ಧಕ್ಕೆ ಇಳಿದರೂ ಮೈಸೂರಿನ ನಾಲ್ಕು ಪಾಲು ಮಿಗುತ್ತದೆ.

ಕಾದಂಬರಿಯ ಕೊನೆಯನ್ನೇ ಗಮನಿಸಿ. ನದಿಯ ನೀರಿನಲ್ಲಿ ನಿಂತ ರಾಜು, ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂದು ಹೇಳಿ ಕುಸಿಯುತ್ತಾನೆ. ಅದು ನಿಜವೋ ಭ್ರಮೆಯೋ ಎಂಬುದನ್ನು ನಾರಾಯಣ್ ಓದುಗರಿಗೇ ಬಿಟ್ಟಿದ್ದಾರೆ. ಚಲನಚಿತ್ರದಲ್ಲಿ ಮಾತ್ರ ಮಳೆ ಎಲ್ಲರ ಕಣ್ಣೆದುರೇ ಧಾರಾಕಾರವಾಗಿ ಸುರಿಯುತ್ತದೆ. ಕಾದಂಬರಿಯ ಆ ಸಂದೇಹ ಹುಟ್ಟಬೇಕಾದರೆ ಊರು ಒಣಸೀಮೆಯಲ್ಲಿರಬೇಕು, ಅದರ ನದಿ ಮಾತ್ರ ಮಳೆಬೀಳುವ ಬೆಟ್ಟದಿಂದ ಬರಬೇಕು. ತಲೆಯ ಮೇಲೆ ಮೋಡವಿಲ್ಲದಿದ್ದರೂ ಕಾಲಡಿಯಲ್ಲಿ ನೀರು ಏರುವ ಭೂಗೋಳ ಅದು. ಕಾವೇರಿಯ, ತುಂಗಭದ್ರೆಯ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಯುಗುಣ ಬದಲಾದೊಡನೆ ಕಥೆಯ ಅಂತ್ಯದ ಅರ್ಥವೇ ಬದಲಾಯಿತು.

ಘಟ್ಟ ಮಾಡುವ ಕೆಲಸ

ಹವಾಮಾನ ಬೇರೆ, ವಾಯುಗುಣ ಬೇರೆ. ಇಂದು ಮಳೆ ಬಂತೇ ಇಲ್ಲವೇ ಎಂಬುದು ಹವಾಮಾನ. ಮೂವತ್ತು ವರ್ಷಗಳ ಹವಾಮಾನದ ಸರಾಸರಿ ಮತ್ತು ಅದರ ಏರಿಳಿತದ ಮಿತಿಯೇ ವಾಯುಗುಣ. ಕಥೆಗಾರ ಒಂದು ದಿನದ ಮಳೆಯನ್ನು ಇಷ್ಟಬಂದಂತೆ ಸುರಿಸಬಹುದು. ಮೂವತ್ತು ವರ್ಷದ ಮಳೆಯನ್ನು ಸುರಿಸಲು ಕಾರಣ ಬೇಕು.

ಕರಾವಳಿಯಲ್ಲಿ ಆ ಕಾರಣ ಕಣ್ಣಿಗೆ ಕಾಣುವಂತಿದೆ. ಬೇಸಿಗೆಯಲ್ಲಿ ಭೂಭಾಗ ಕಡಲಿಗಿಂತ ಬೇಗ ಕಾಯುತ್ತದೆ. ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತ ನೈಋತ್ಯದ ಗಾಳಿ ಜೂನ್ ಮೊದಲ ವಾರದ ವೇಳೆಗೆ ಇಲ್ಲಿಗೆ ತಲುಪುತ್ತದೆ. ಮುಂದೆ ಹೋಗಲು ಘಟ್ಟದ ಗೋಡೆ ಅಡ್ಡ. ಗಾಳಿ ಮೇಲೇರಲೇಬೇಕು. ಒಣಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣಿಯುತ್ತದೆ. ತೇವ ಹನಿಗಟ್ಟಲಾರಂಭಿಸಿದ ಮೇಲೆ ತಣಿಯುವ ವೇಗ 5–6 ಡಿಗ್ರಿಗೆ ಇಳಿಯುತ್ತದೆ. ತಣಿದ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಅದು ತನ್ನ ಹೊರೆಯನ್ನು ಇಳಿಸುತ್ತದೆ. ಆಚೆಗೆ ಇಳಿಯುವ ಗಾಳಿ ಮತ್ತೆ ಕಾಯುತ್ತ, ಒಣಗುತ್ತ ಸಾಗುತ್ತದೆ. ಇದನ್ನೇ ಭೂಗೋಳ ಪಠ್ಯಗಳು 'ಮಳೆ ನೆರಳು' ಎನ್ನುವುದು. ಚಳ್ಳಕೆರೆ ಆ ನೆರಳಿನಲ್ಲಿದೆ.

ಈಗ ಕಲ್ಪನೆಯಲ್ಲಿ ಪಶ್ಚಿಮಘಟ್ಟವನ್ನು ಅಳಿಸಿ ನೋಡೋಣ. ಮೊದಲು ಆಗುಂಬೆಯ ಮಳೆ ಹೋಗುತ್ತದೆ. ಬಳಿಕ ತುಂಗೆ, ಭದ್ರೆ, ಕಾವೇರಿ ಹೋಗುತ್ತವೆ. ಏಕೆಂದರೆ ಪಡುಗಡಲಿಗೆ ಇಷ್ಟು ಹತ್ತಿರ ಹುಟ್ಟಿದ ನದಿಗಳು ಮೂಡಣಕ್ಕೆ ಹರಿಯುತ್ತಿರುವುದೇ ಈ ಏಣಿನ ಬಲದಿಂದ. ತುಂಗಭದ್ರೆ ಇಲ್ಲದಿದ್ದರೆ ಒಣಸೀಮೆಯ ನಡುವೆ ಹಂಪಿಯಂತಹ ರಾಜಧಾನಿ ಏಳುತ್ತಿರಲಿಲ್ಲ. ಕಾವೇರಿ ಇಲ್ಲದಿದ್ದರೆ ಮಂಡ್ಯದ ಕಬ್ಬೂ ಇಲ್ಲ, ತಂಜಾವೂರಿನ ಭತ್ತವೂ ಇಲ್ಲ. ಒಂದು ಬೆಟ್ಟಸಾಲನ್ನು ನಕ್ಷೆಯಿಂದ ತೆಗೆದವನು ಒಂದು ಸಾಮ್ರಾಜ್ಯವನ್ನೂ ತೆಗೆದಂತೆಯೇ. ಕಲ್ಪಿತ ನಕ್ಷೆಯಲ್ಲಿ ಬೆಟ್ಟವನ್ನು ಬರಿಯ ಅಂದಕ್ಕಾಗಿ ಬಿಡಿಸುವವರು ಮರೆಯುವುದು ಇದನ್ನೇ.

ಯಾವುದು ಮೊದಲು, ಯಾವುದು ಆಮೇಲೆ

ಹೊಸ ಲೋಕವೊಂದಕ್ಕೆ ವಾಯುಗುಣವನ್ನು ಹೊಂದಿಸುವಾಗ ಅನುಸರಿಸಬೇಕಾದ ಕ್ರಮವೂ ಈ ಸರಪಳಿಯಿಂದಲೇ ಹೊರಡುತ್ತದೆ.

ಮೊದಲನೆಯದು ಬಿಸಿಲು. ಊರು ಸಮಭಾಜಕ ವೃತ್ತದಿಂದ ಎಷ್ಟು ದೂರ, ಗ್ರಹದ ಅಕ್ಷ ಎಷ್ಟು ವಾಲಿದೆ ಎಂಬುದು ನಿರ್ಧಾರವಾಗಬೇಕು. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದಲೇ ನಮಗೆ ಋತುಗಳಿವೆ. ವಾಲಿಕೆ ಇಲ್ಲದ ಲೋಕದಲ್ಲಿ ಈ ಬಗೆಯ ಬೇಸಿಗೆ–ಚಳಿಗಾಲಗಳು ಇರಲಾರವು.

ಎರಡನೆಯದು ಗಾಳಿ. ಸಮಭಾಜಕದ ಬಳಿ ಕಾದು ಮೇಲೆದ್ದ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒಣಗಾಳಿ. ಸಹಾರಾ, ಅರೇಬಿಯಾ, ಆಸ್ಟ್ರೇಲಿಯದ ಮರುಭೂಮಿಗಳು ಈ ಪಟ್ಟಿಯ ಆಸುಪಾಸಿನಲ್ಲಿರುವುದು ಆಕಸ್ಮಿಕವಲ್ಲ. ಗ್ರಹ ನಿಧಾನವಾಗಿ ತಿರುಗಿದರೆ ಈ ಪಟ್ಟಿ ಧ್ರುವಗಳ ಕಡೆಗೆ ಸರಿಯುತ್ತದೆ.

ಮೂರನೆಯದು ಕಡಲು. ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಪಡುಬಿದ್ರಿಯಲ್ಲಿ ನಡುಚಳಿಗಾಲಕ್ಕೂ ಕಂಬಳಿ ಬೇಡ. ಒಳನಾಡಿನ ಬೀದರಿನಲ್ಲಿ ಬೇಕು. ಹಾಗೆಂದು ಕಡಲ ದಂಡೆಯೆಲ್ಲ ಹಸಿರೆಂದು ತಿಳಿಯಬೇಕಾಗಿಲ್ಲ. ತಣ್ಣನೆಯ ಪ್ರವಾಹ ಹರಿಯುವ ಪೆರು, ಚಿಲಿ, ನಮೀಬಿಯಗಳ ಪಶ್ಚಿಮ ತೀರದಲ್ಲಿ ಅಲೆ ಬಡಿಯುವಲ್ಲೇ ಮರುಭೂಮಿ ಇದೆ.

ನಾಲ್ಕನೆಯದು ಬೆಟ್ಟ. ಗಾಳಿ ಬರುವ ಮೋರೆಗೆ ಹಸಿರು, ಬೆನ್ನಿಗೆ ಒಣಭೂಮಿ. ಗಾಳಿಯ ದಿಕ್ಕು ತಿಳಿಯದೆ ಬೆಟ್ಟದ ಯಾವ ಮಗ್ಗುಲಲ್ಲಿ ಕಾಡು ಎಂಬುದನ್ನು ಹೇಳಲಾಗದು. ಅಕ್ಟೋಬರ್ ಕಳೆದು ಗಾಳಿ ಈಶಾನ್ಯಕ್ಕೆ ತಿರುಗಿದಾಗ ಪಡುಬಿದ್ರಿಯ ಆಕಾಶ ತೆರವಾಗುತ್ತದೆ, ಚೆನ್ನೈಯಲ್ಲಿ ಮಳೆಗಾಲ ಶುರುವಾಗುತ್ತದೆ.

ಈ ನಾಲ್ಕೂ ತೀರ್ಮಾನವಾದ ಮೇಲಷ್ಟೇ ನದಿ, ಕಾಡು, ಬೆಳೆ, ಊರು. ಬಹುತೇಕ ಕಲ್ಪಿತ ಲೋಕಗಳು ಎಡವುವುದು ಈ ಕ್ರಮವನ್ನು ತಲೆಕೆಳಗು ಮಾಡಿದಾಗ. ಊರನ್ನು ಮೊದಲಿಟ್ಟು, ಮಳೆಯನ್ನು ಆಮೇಲೆ ಕರೆದರೆ ಅದು ಬರುವುದಿಲ್ಲ.

ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ

ಇದು ಬರಿಯ ಹವ್ಯಾಸಿಗಳ ಕಸರತ್ತಲ್ಲ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಾಯುಗುಣ ವಿಜ್ಞಾನಿ ಡಾನ್ ಲಂಟ್ 2013ರಲ್ಲಿ ಟೋಲ್ಕಿನ್ ಅವರ 'ಮಿಡ್ಲ್ ಅರ್ಥ್' ನಕ್ಷೆಯನ್ನು ಬೃಹತ್ ಗಣಕಕ್ಕೆ ಉಣಿಸಿ, ನಿಜವಾದ ಭೂಮಿಗೆ ಬಳಸುವ ಸೂತ್ರಗಳಿಂದಲೇ ಅಲ್ಲಿನ ವಾಯುಗುಣವನ್ನು ಲೆಕ್ಕ ಹಾಕಿದರು. ಅಲ್ಲಿನ ದೊಡ್ಡ ಪರ್ವತಸಾಲಿನ ಪೂರ್ವಕ್ಕೆ ಮಳೆ ನೆರಳು ಕಾಣಿಸಿಕೊಂಡಿತು. ಗಿಡ್ಡಜನರ ನಾಡಾದ 'ಶೈರ್' ಇಂಗ್ಲೆಂಡಿನ ಲಿಂಕನ್‌ಶೈರ್ ಮತ್ತು ಲೆಸ್ಟರ್‌ಶೈರ್‌ಗಳನ್ನು ಹೋಲಿತು. 2017ರಲ್ಲಿ ಅವರೂ ಸಂಗಡಿಗರೂ 'ಗೇಮ್ ಆಫ್ ಥ್ರೋನ್ಸ್' ಲೋಕವನ್ನು ಕೈಗೆತ್ತಿಕೊಂಡರು. ವರ್ಷಗಟ್ಟಲೆ ಮುಗಿಯದ ಚಳಿಗಾಲ ಹೇಗೆ ಸಾಧ್ಯ? ಗ್ರಹ ಸೂರ್ಯನನ್ನು ಸುತ್ತುತ್ತಿದ್ದಂತೆಯೇ ಅದರ ಅಕ್ಷವೂ ಅದೇ ಗತಿಯಲ್ಲಿ ತಿರುಗುತ್ತಿದ್ದರೆ ಒಂದು ಗೋಲಾರ್ಧ ಸದಾ ಸೂರ್ಯನಿಗೆ ವಿಮುಖವಾಗಿ ಉಳಿಯುತ್ತದೆ ಎಂಬುದು ಅವರು ಕಂಡುಕೊಂಡ ಒಂದು ದಾರಿ.

ಲಂಟ್ ಅವರ ಕೆಲಸದಲ್ಲಿ ಲೋಕ ಮೊದಲು ಬಂತು, ಲೆಕ್ಕ ಆಮೇಲೆ. ಲೆಕ್ಕವನ್ನೇ ಮೊದಲು ಮಾಡಿದವರೂ ಇದ್ದಾರೆ. ಅಮೆರಿಕದ ಹಾರ್ಲನ್ ಎಲಿಸನ್ ಸಂಪಾದಿಸಿ 1985ರಲ್ಲಿ ಪ್ರಕಟವಾದ 'ಮೆಡಿಯಾ' ಸಂಕಲನದಲ್ಲಿ ಹಲವು ಲೇಖಕರು ಒಂದೇ ಕಲ್ಪಿತ ಲೋಕದಲ್ಲಿ ಕಥೆ ಹೆಣೆದರು. ಕಥೆಗೆ ಮೊದಲು ಹಾಲ್ ಕ್ಲೆಮೆಂಟ್, ಪೌಲ್ ಆಂಡರ್ಸನ್, ಲ್ಯಾರಿ ನಿವೆನ್, ಫ್ರೆಡರಿಕ್ ಪೋಲ್ ಆ ಲೋಕದ ಖಗೋಳ, ಭೂಗೋಳ, ಜೀವಿಗಳ ವಿವರಗಳನ್ನು ಹಂಚಿಕೊಂಡು ಸಿದ್ಧಪಡಿಸಿದ್ದರು. ದೈತ್ಯ ಗ್ರಹವೊಂದನ್ನು ಸುತ್ತುವ ಉಪಗ್ರಹ ಅದು. ಒಂದು ಮುಖ ಸದಾ ಆ ಗ್ರಹದತ್ತ ತಿರುಗಿರುವುದರಿಂದ ಆ ಪಾರ್ಶ್ವ ಬಿಸಿ, ಇನ್ನೊಂದು ಹಿಮ. ಲೇಖಕರ ಮನೋಧರ್ಮ ಬೇರೆ ಬೇರೆಯಾಗಿದ್ದರೂ ಯಾರೂ ಬಿಸಿಯ ಪಾರ್ಶ್ವದಲ್ಲಿ ಹಿಮ ಬೀಳಿಸುವಂತಿರಲಿಲ್ಲ.

ತಾಳಮದ್ದಳೆಯ ಪಾಠ

ಹಲವರು ಸೇರಿ ಒಂದು ಲೋಕವನ್ನು ಕಟ್ಟುವಾಗಿನ ಈ ಶಿಸ್ತು ಕರಾವಳಿಗೆ ಹೊಸದಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯ ಸ್ಥಿರ. ಅರ್ಥಧಾರಿಗಳ ಮಾತು ಆಶು. ಒಬ್ಬರು ಕೃಷ್ಣನಾಗಿ, ಇನ್ನೊಬ್ಬರು ಭೀಷ್ಮನಾಗಿ ಎಷ್ಟೇ ದೂರ ವಾದ ಬೆಳೆಸಿದರೂ ಪದ್ಯ ಹೇಳಿದ್ದನ್ನು ಅಳಿಸುವ ಹಾಗಿಲ್ಲ. ಆ ಕಟ್ಟು ಇರುವುದರಿಂದಲೇ ಎದುರಾಳಿಯ ಮಾತಿಗೆ ಉತ್ತರ ಕೊಡಲು ಸಾಧ್ಯ. ಕಟ್ಟು ತಪ್ಪಿದರೆ ವಾದವೇ ಇಲ್ಲ, ಬರಿಯ ಗದ್ದಲ.

ಹಂಚಿಕೊಂಡ ಕಲ್ಪಿತ ಲೋಕದಲ್ಲಿ ವಾಯುಗುಣಕ್ಕೆ ಸಲ್ಲಬೇಕಾದದ್ದು ಈ ಪದ್ಯದ ಸ್ಥಾನ. ಇಲ್ಲೊಂದು ಸೂಕ್ಷ್ಮವಿದೆ. ಜೊತೆಗಾರರು ಒಪ್ಪಿಕೊಳ್ಳಬೇಕಾದದ್ದು ಮಳೆಯನ್ನಲ್ಲ, ಮಳೆಯ ಕಾರಣವನ್ನು. 'ಪೂರ್ವದ ನಾಡು ಒಣಭೂಮಿ' ಎಂದಷ್ಟೇ ಬರೆದಿಟ್ಟರೆ ಐದನೆಯ ಲೇಖಕ ಅಲ್ಲೊಂದು ಜವುಗು ಕಾಡನ್ನು ಬೆಳೆಸಿಬಿಡಬಹುದು. 'ಗಾಳಿ ಪಶ್ಚಿಮದ ಕಡಲಿನಿಂದ ಬರುತ್ತದೆ, ನಡುವೆ ಎತ್ತರದ ಬೆಟ್ಟವಿದೆ' ಎಂದು ಬರೆದಿಟ್ಟರೆ ಐದನೆಯವನೂ ಐವತ್ತನೆಯವನೂ ಒಂದೇ ಉತ್ತರಕ್ಕೆ ಬರುತ್ತಾರೆ. ಮೊದಲಿನವರು ಊಹಿಸದ ಕಣಿವೆಗೂ ಅವರು ಸರಿಯಾದ ಮಳೆಯನ್ನೇ ತರುತ್ತಾರೆ.

ಮಾಡು, ಊಟ, ಪಂಚಾಂಗ

ವಾಯುಗುಣ ಸರಿಯಾಗಿದೆಯೇ ಎಂಬುದರ ಪರೀಕ್ಷೆ ಆಕಾಶದಲ್ಲಿಲ್ಲ, ಮನೆಯಲ್ಲಿದೆ. ಪಡುಬಿದ್ರಿಯ ಹಳೆಯ ಮನೆಗಳಿಗೆ ಮುರಕಲ್ಲಿನ ಗೋಡೆ, ಕಡಿದಾದ ಹೆಂಚಿನ ಮಾಡು. ಮಳೆಗಾಲದಲ್ಲಿ ಜಗುಲಿಗೆ ತೆಂಗಿನ ಮಡಲಿನ ತಟ್ಟಿ. ಒಳನಾಡಿನ ಒಣಸೀಮೆಯ ಹಳೆಯ ಮನೆಗಳಿಗೆ ಮಣ್ಣು ಮೆತ್ತಿದ ಸಪಾಟು ಮಾಳಿಗೆ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟರೆ ಮೊದಲ ಆಷಾಢಕ್ಕೇ ಮಾಳಿಗೆ ಕುಸಿಯುತ್ತದೆ. ಇಲ್ಲಿ ಕುಚ್ಚಲಕ್ಕಿ, ಮೀನು, ತೆಂಗು. ಚಳ್ಳಕೆರೆಯಲ್ಲಿ ಶೇಂಗಾ, ಕುರಿ, ಕಂಬಳಿ ನೇಯ್ಗೆ.

ತುಳುವರ ಆಟಿ ತಿಂಗಳು ಇದಕ್ಕೆ ಒಳ್ಳೆಯ ನಿದರ್ಶನ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಅವಧಿಯಲ್ಲಿ ಹಿಂದೆ ಎಡೆಬಿಡದ ಮಳೆಯಿಂದ ಹೊರಗಿನ ದುಡಿಮೆ ನಿಲ್ಲುತ್ತಿತ್ತು, ಕಣಜ ಬರಿದಾಗುತ್ತಿತ್ತು. ಹೊಟ್ಟೆಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಸುವಿನ ಎಲೆಯ ಪತ್ರೊಡೆ, ಒಣಮೀನು. ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ. ಊರ ಮಾರಿ ಕಳೆಯಲು ಮನೆಮನೆಗೆ ಬರುವ ಆಟಿ ಕಳೆಂಜ. ಕಡಲೂ ಆಗ ಮುಚ್ಚಿದ ಬಾಗಿಲು. ಯಾಂತ್ರಿಕ ದೋಣಿಗಳಿಗೆ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದೆ. ಮೇ ಕೊನೆಯ ಭಾಗದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮಗಳು ನಿಲ್ಲುತ್ತವೆ. ಬಯಲಲ್ಲಿ ಆಡಲಾಗದ ತಿಂಗಳುಗಳಲ್ಲಿ ಮಾಡಿನಡಿ ಕುಳಿತು ನಡೆಸುವ ತಾಳಮದ್ದಳೆಗೆ ಹೆಚ್ಚಿನ ಅವಕಾಶ. ಈಗ ಸಭಾಂಗಣಗಳಲ್ಲಿ ಮಳೆಗಾಲದ ಆಟಗಳೂ ನಡೆಯುತ್ತವೆಯಾದರೂ ಪಂಚಾಂಗದ ಮೂಲ ಲಯ ಹಾಗೆಯೇ ಉಳಿದಿದೆ.

ಅಂದರೆ ಹಸಿವು, ಔಷಧ, ಕಲೆ, ದೈವಾರಾಧನೆ ಎಲ್ಲವೂ ಒಂದೇ ಗಾಳಿಯ ಬೆನ್ನು ಹಿಡಿದು ಬಂದಿವೆ. ಕಲ್ಪಿತ ಲೋಕದಲ್ಲಿ ಮಳೆಗಾಲವಿದ್ದೂ ಜನರು ವರ್ಷವಿಡೀ ಒಂದೇ ಊಟ ಮಾಡುತ್ತಿದ್ದರೆ, ಒಂದೇ ಹಬ್ಬ ಆಚರಿಸುತ್ತಿದ್ದರೆ ಅಲ್ಲಿ ಮಳೆ ಬರೆದವನ ವಾಕ್ಯದಲ್ಲಿ ಮಾತ್ರ ಬಿದ್ದಿದೆ ಎಂದರ್ಥ.

ಸರಾಸರಿಯೇ ಸರಿಯುವಾಗ

ಇಷ್ಟೆಲ್ಲ ಲೆಕ್ಕ ಏಕೆ, ಕಥೆ ಕಥೆಯಲ್ಲವೇ ಎಂದು ಕೇಳಬಹುದು. 2021ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಇನ್ನೂ ವಾರಗಳಿರುವಾಗಲೇ, 'ತೌಕ್ತೆ' ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದು ಉಡುಪಿ ಜಿಲ್ಲೆಯ ತೀರವನ್ನು ಅಪ್ಪಳಿಸುವ ಅಲೆಗಳನ್ನು ಕಳುಹಿಸಿತು. ಬಂಗಾಳಕೊಲ್ಲಿಗೆ ಹೋಲಿಸಿದರೆ ಶಾಂತವೆಂದೇ ಹೆಸರಾದ ಈ ಕಡಲು ಬೆಚ್ಚಗಾಗುತ್ತಿದೆ. ಇತ್ತೀಚಿನ ದಶಕಗಳಲ್ಲಿ ಇಲ್ಲಿ ತೀವ್ರ ಚಂಡಮಾರುತಗಳು ಹೆಚ್ಚಿವೆ. ಮೂವತ್ತು ವರ್ಷದ ಸರಾಸರಿಯೇ ಸರಿಯುತ್ತಿರುವಾಗ ಆಟಿ ಎಂದರೆ ಇಷ್ಟು ಮಳೆ, ಸೋಣ ಎಂದರೆ ಇಷ್ಟು ಬಿಸಿಲು ಎಂಬ ಹಿರಿಯರ ಲೆಕ್ಕ ಕೈಕೊಡಬಹುದು.

ಹೀಗಿರುವಾಗ ಐವತ್ತು ವರ್ಷಗಳ ಆಚೆಗಿನ ಪಡುಬಿದ್ರಿ ಹೇಗಿರುತ್ತದೆ ಎಂಬುದೂ ಕಲ್ಪಿತ ಲೋಕವೇ. ಅದನ್ನು ಕಥೆಗಾರರು ಮಾತ್ರ ಕಟ್ಟುತ್ತಿಲ್ಲ. ತಡೆಗೋಡೆ ಕಟ್ಟುವ ಎಂಜಿನಿಯರ್, ದಂಡೆಯಲ್ಲಿ ಮನೆ ಕಟ್ಟುವ ಮೀನುಗಾರ, ಗದ್ದೆ ಮಾರಬೇಕೋ ಬೇಡವೋ ಎಂದು ಯೋಚಿಸುವ ಕೃಷಿಕ ಎಲ್ಲರೂ ತಮ್ಮ ತಮ್ಮ ಮನಸ್ಸಿನಲ್ಲಿ ಅದನ್ನು ಕಟ್ಟುತ್ತಿದ್ದಾರೆ. ಗಂಭೀರ ಸಾಹಿತ್ಯ ವಾಯುಗುಣದ ಬಿಕ್ಕಟ್ಟನ್ನು ಎದುರಿಸಲು ಹಿಂಜರಿಯುತ್ತಿದೆ ಎಂದು ಅಮಿತಾವ್ ಘೋಷ್ 2016ರ ತಮ್ಮ 'ದಿ ಗ್ರೇಟ್ ಡಿರೇಂಜ್‌ಮೆಂಟ್' ಕೃತಿಯಲ್ಲಿ ವಾದಿಸಿದ್ದಾರೆ. ಕಾರಣಗಳನ್ನು ಹಿಡಿದು ಕಲ್ಪಿಸುವ ಅಭ್ಯಾಸವಿಲ್ಲದಿದ್ದರೆ ಆ ನಾಳೆಯೂ ಬರಿಯ ಭಯವಾಗಿ ಅಥವಾ ಬರಿಯ ಭರವಸೆಯಾಗಿ ಉಳಿಯುತ್ತದೆ.

ರಾಜು ನದಿಯಲ್ಲಿ ನಿಂತು ಬೆಟ್ಟದ ಮಳೆಯನ್ನು ಕಾಲಡಿಯಲ್ಲಿ ಅರಿತನೋ ಇಲ್ಲವೋ ಎಂಬುದನ್ನು ಓದುಗರು ಇಂದಿಗೂ ಚರ್ಚಿಸುತ್ತಾರೆ. ಬೆಟ್ಟ ಎಲ್ಲಿದೆ, ನದಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ನಾರಾಯಣ್ ತಪ್ಪಿರಲಿಲ್ಲ. ಹಾಗಾಗಿಯೇ ಆ ಚರ್ಚೆ ಮುಗಿದಿಲ್ಲ.